ವೈ-ಫೈ ಸಂಚಾರ ಹಿಡಿಯಲು ಎಂಥ ಅಡಾಪ್ಟರ್ ಕೊಳ್ಳಬೇಕು?

ಲ್ಯಾಪ್‌ಟಾಪಿಗೆ, ಜಾಲದ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶ ಹಾಕಿಕೊಂಡು, ಪಟ್ಟಿಯಲ್ಲಿ ವೈ-ಫೈ ಆಯ್ದು ಶುರು ಮಾಡಿದರೆ ಪ್ಯಾಕೆಟ್‌ಗಳು ಸಾಲುಸಾಲಾಗಿ ಸುರಿಯುತ್ತವೆ. ಮೊದಲ ಸಲ ನೋಡುವವರಿಗೆ ಮನೆಯ ವೈ-ಫೈ ಪೂರ್ತಿ ಕಣ್ಣೆದುರು ಬಂತು ಅನಿಸುತ್ತದೆ. ಆದರೆ ಒಂದೊಂದೇ ಸಾಲು ಓದುತ್ತಾ ಹೋದರೆ ಅಲ್ಲಿರುವುದು ಬಹುಪಾಲು ಆ ಲ್ಯಾಪ್‌ಟಾಪಿನದೇ ವ್ಯವಹಾರ ಎಂದು ಗೊತ್ತಾಗುತ್ತದೆ. ಪಕ್ಕದ ಕೋಣೆಯ ಟಿವಿ ಯಾಕೆ ಪದೇ ಪದೇ ಸಂಪರ್ಕ ಕಳೆದುಕೊಳ್ಳುತ್ತಿದೆ, ಹೊಸ ಕ್ಯಾಮೆರಾ ರೌಟರ್‌ಗೆ ಸೇರಲು ಯಾಕೆ ಒದ್ದಾಡುತ್ತಿದೆ ಎಂಬುದರ ಸುಳಿವು ಅಲ್ಲಿ ಸಿಗುವುದಿಲ್ಲ. ಕಾಣುವ ಪ್ಯಾಕೆಟ್‌ಗಳೂ ಗಾಳಿಯಲ್ಲಿ ಬಂದ ರೂಪದಲ್ಲಿ ಉಳಿದಿರುವುದಿಲ್ಲ. ಡ್ರೈವರ್ ಅವುಗಳ ವೈ-ಫೈ ತಲೆಬರಹವನ್ನು ಕಿತ್ತು, ಈಥರ್ನೆಟ್ ರೂಪಕ್ಕೆ ತಂದು ಕೊಟ್ಟಿರುತ್ತದೆ.

ಗಾಳಿಯಲ್ಲಿ ನಿಜವಾಗಿ ಏನು ಓಡಾಡುತ್ತಿದೆ ಎಂದು ನೋಡಬೇಕಾದರೆ ಕಾರ್ಡು ‘ಮಾನಿಟರ್ ಮೋಡ್’ಗೆ ಹೋಗಬೇಕು. ಆ ಸ್ಥಿತಿಯಲ್ಲಿ ಅದು ಯಾವ ಜಾಲಕ್ಕೂ ಸೇರುವುದಿಲ್ಲ. ಒಂದು ಚಾನೆಲ್‌ನಲ್ಲಿ ಕುಳಿತು, ಯಾರು ಯಾರಿಗೆ ಕಳಿಸಿದರೂ, ತನಗೆ ಕೇಳಿಸಿದ ಪ್ರತಿ ಫ್ರೇಮನ್ನೂ ದಾಖಲಿಸುತ್ತದೆ. ಎಲ್ಲ ಕಾರ್ಡುಗಳಿಗೂ ಇದು ಬರುವುದಿಲ್ಲ, ಬರುವ ಕಾರ್ಡುಗಳಿಗೂ ಎಲ್ಲವೂ ಕೇಳಿಸುವುದಿಲ್ಲ. ಕೊಳ್ಳುವ ಮೊದಲು ಯೋಚಿಸಬೇಕಾದದ್ದು ಈ ಕಾರಣಕ್ಕೆ. ಹೊಂದದ ಅಡಾಪ್ಟರ್ ಯಾವ ದೋಷಸಂದೇಶವನ್ನೂ ತೋರಿಸುವುದಿಲ್ಲ. ತನಗೆ ಅರ್ಥವಾಗದ ಫ್ರೇಮುಗಳನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ನಾವು ಪರದೆ ನೋಡಿ, ‘ಟಿವಿ ಏನನ್ನೂ ಕಳಿಸಲೇ ಇಲ್ಲ’ ಎಂದು ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಮೊದಲು ಕೇಳಿಕೊಳ್ಳಿ: ಅಡಾಪ್ಟರ್ ಬೇಕೇ ಬೇಕೇ?

ನಿಮ್ಮ ಸ್ಮಾರ್ಟ್ ಬಲ್ಬು, ಕ್ಯಾಮೆರಾ ಅಥವಾ ಟಿವಿ ಇಂಟರ್ನೆಟ್ಟಿನಲ್ಲಿ ಯಾವ ವಿಳಾಸಗಳ ಜೊತೆ ಮಾತಾಡುತ್ತಿದೆ ಎಂದಷ್ಟೇ ತಿಳಿಯಬೇಕಿದ್ದರೆ ದುಡ್ಡು ಖರ್ಚು ಮಾಡುವ ಅಗತ್ಯವಿಲ್ಲ. ಲ್ಯಾಪ್‌ಟಾಪನ್ನೇ ಹಾಟ್‌ಸ್ಪಾಟ್ ಮಾಡಿ, ಆ ಸಾಧನವನ್ನು ಅದಕ್ಕೆ ಸೇರಿಸಿ, ಹಾಟ್‌ಸ್ಪಾಟಿನ ಇಂಟರ್‌ಫೇಸಿನಲ್ಲಿ ವೈರ್‌ಶಾರ್ಕ್ ಓಡಿಸಿ. ಅದರ ಅಷ್ಟೂ ಸಂಚಾರ ನಿಮ್ಮ ಯಂತ್ರದ ಮೂಲಕವೇ ಹಾದುಹೋಗುವುದರಿಂದ ವೈ-ಫೈ ಗೂಢಲಿಪಿಯ ತೊಡಕೇ ಇರುವುದಿಲ್ಲ. ರೌಟರ್‌ನಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ಫರ್ಮ್‌ವೇರ್ ಇದ್ದರೆ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಅನ್ನು ಅಲ್ಲೇ ಓಡಿಸಬಹುದು. ಕಚೇರಿಯಲ್ಲಾದರೆ ಒಂದು ಪೋರ್ಟಿನ ಸಂಚಾರದ ನಕಲನ್ನು ಇನ್ನೊಂದಕ್ಕೆ ಕಳಿಸುವ, ಸ್ವಿಚ್‌ನ ಪೋರ್ಟ್ ಮಿರರಿಂಗ್ ಸಾಕು.

ಮಾನಿಟರ್ ಮೋಡ್ ಬೇಕಾಗುವುದು ವೈ-ಫೈ ಪದರದಲ್ಲೇ ತೊಂದರೆ ಇದ್ದಾಗ. ಸಾಧನ ಜಾಲಕ್ಕೆ ಸೇರುವುದಿಲ್ಲ, ಸೇರಿದರೂ ಬಿಟ್ಟು ಹೋಗುತ್ತದೆ, ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ದಾಟುವಾಗ ಕರೆ ಕಡಿಯುತ್ತದೆ, ಸಿಗ್ನಲ್ ಚೆನ್ನಾಗಿದ್ದರೂ ವೇಗ ಇಲ್ಲ ಎಂಬಂಥ ಪ್ರಶ್ನೆಗಳವು. ಅಪಾರ್ಟ್‌ಮೆಂಟುಗಳಲ್ಲಿ ಹತ್ತಾರು ರೌಟರ್‌ಗಳು ಒಂದೇ ಚಾನೆಲ್‌ಗೆ ಮುಗಿಬಿದ್ದಾಗ ಯಾರ ಫ್ರೇಮು ಎಷ್ಟು ಸಲ ಮರುರವಾನೆಯಾಗುತ್ತಿದೆ ಎಂದು ಅಳೆಯುವುದಕ್ಕೂ ಇದೇ ದಾರಿ. ವೈ-ಫೈ ಹೇಗೆ ಕೆಲಸ ಮಾಡುತ್ತದೆ ಎಂದು ಕಲಿಯುವ ಎಂಜಿನಿಯರಿಂಗ್ ವಿದ್ಯಾರ್ಥಿಗಂತೂ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ.

‘ಪ್ರಾಮಿಸ್ಕ್ಯುಅಸ್ ಮೋಡ್’ ಎಂಬ ಇನ್ನೊಂದು ಆಯ್ಕೆ ವೈರ್‌ಶಾರ್ಕ್‌ನಲ್ಲಿ ಕಾಣುತ್ತದೆ. ಅದು ಕೇಬಲ್ ಜಾಲದ ಕಾಲದಿಂದ ಬಂದದ್ದು. ವೈ-ಫೈಯಲ್ಲಿ ಅದನ್ನು ಆನ್ ಮಾಡಿದರೂ ಬೇರೆ ಸಾಧನಗಳ ಸಂಚಾರ ಸಾಮಾನ್ಯವಾಗಿ ಸಿಗುವುದಿಲ್ಲ, ವೈ-ಫೈ ತಲೆಬರಹವೂ ಸಿಗುವುದಿಲ್ಲ. ಮಾರಾಟದ ವಿವರಣೆಯಲ್ಲಿ ಆ ಪದ ಕಂಡರೆ ಮಾನಿಟರ್ ಮೋಡ್ ಇದೆ ಎಂದು ಭಾವಿಸಬೇಡಿ.

ಮಾತಾಡುವವರಿಗೆ ಸರಿಸಮನಾದ ಕಿವಿ ಬೇಕು

ಇಡೀ ಆಯ್ಕೆಗೆ ಒಂದೇ ಮೂಲಸೂತ್ರ: ಯಾವ ಎರಡು ಸಾಧನಗಳ ಮಾತು ಹಿಡಿಯಬೇಕೋ ಅವು ಬಳಸುವ ಬ್ಯಾಂಡ್, ಪೀಳಿಗೆ, ಚಾನೆಲ್ ಅಗಲ ಮತ್ತು ಸ್ಟ್ರೀಮ್‌ಗಳ ಸಂಖ್ಯೆ, ಈ ನಾಲ್ಕೂ ನಿಮ್ಮ ಅಡಾಪ್ಟರ್‌ಗೆ ಬರಬೇಕು. ಒಂದು ಕಡಿಮೆಯಾದರೂ ಡೇಟಾ ಕೈತಪ್ಪುತ್ತದೆ.

ಬ್ಯಾಂಡ್ ಎಂದರೆ 2.4, 5 ಅಥವಾ 6 ಗಿಗಾಹರ್ಟ್ಜ್. ಅಗ್ಗದ ಸ್ಮಾರ್ಟ್ ಪ್ಲಗ್ಗು, ಬಲ್ಬು, ಸಂವೇದಕಗಳೆಲ್ಲ ಹೆಚ್ಚಾಗಿ 2.4ರಲ್ಲೇ ಇರುತ್ತವೆ. ಫೋನು, ಲ್ಯಾಪ್‌ಟಾಪು, ಟಿವಿಗಳು ಸಾಧ್ಯವಾದಲ್ಲೆಲ್ಲ 5ಕ್ಕೆ ಹೋಗುತ್ತವೆ. ಭಾರತದಲ್ಲಿ 5 ಗಿಗಾಹರ್ಟ್ಜ್‌ನ ದೊಡ್ಡ ಭಾಗ ಪರವಾನಗಿಮುಕ್ತವಾದದ್ದು 2018ರಲ್ಲಿ. 6 ಗಿಗಾಹರ್ಟ್ಜ್‌ನ ಕೆಳಭಾಗವನ್ನು, ಅಂದರೆ 5925ರಿಂದ 6425 ಮೆಗಾಹರ್ಟ್ಜ್‌ವರೆಗಿನ ಪಟ್ಟಿಯನ್ನು, ಬಿಟ್ಟುಕೊಡುವ ಕರಡು ನಿಯಮಗಳು 2025ರ ಮೇ ತಿಂಗಳಲ್ಲಿ ಪ್ರಕಟವಾದವು. ಮನೆಯ ರೌಟರ್‌ನಲ್ಲಿ 6 ಗಿಗಾಹರ್ಟ್ಜ್ ಇಲ್ಲದವರು ಅದಕ್ಕಾಗಿ ಇವತ್ತು ಹೆಚ್ಚು ದುಡ್ಡು ಕೊಡಬೇಕಿಲ್ಲ.

ಪೀಳಿಗೆ ಎಂದರೆ ವೈ-ಫೈ 4, 5, 6, 7. ವೈ-ಫೈ 4ರ ಕಾರ್ಡಿಗೆ ವೈ-ಫೈ 5ರ ಡೇಟಾ ಫ್ರೇಮು ಬಿಡಿಸಲು ಬರುವುದಿಲ್ಲ, ವೈ-ಫೈ 5ರ ಕಾರ್ಡಿಗೆ ವೈ-ಫೈ 6ರದ್ದು ಬರುವುದಿಲ್ಲ. ಚಾನೆಲ್ ಅಗಲ 20, 40, 80, 160 ಮೆಗಾಹರ್ಟ್ಜ್ ಎಂದು ಹೆಚ್ಚುತ್ತಾ ಹೋಗುತ್ತದೆ. 80ರಲ್ಲಿ ಹೊರಟ ಫ್ರೇಮನ್ನು 20ರಲ್ಲಿ ಕುಳಿತ ಕಾರ್ಡು ಹಿಡಿಯಲಾರದು. ಸ್ಟ್ರೀಮ್ ಎಂದರೆ ಒಂದೇ ಹೊತ್ತಿಗೆ ಬೇರೆ ಬೇರೆ ಆಂಟೆನಾಗಳಿಂದ ಹೊರಡುವ ಸಮಾನಾಂತರ ಡೇಟಾ ಧಾರೆಗಳು. ಇತ್ತೀಚಿನ ಹೆಚ್ಚಿನ ಫೋನುಗಳು ಎರಡು ಸ್ಟ್ರೀಮ್ ಬಳಸುತ್ತವೆ. ಒಂದೇ ಸ್ಟ್ರೀಮಿನ ಅಡಾಪ್ಟರ್‌ಗೆ ಅಂಥ ಫ್ರೇಮು ಬಿಡಿಸಲು ಆಗುವುದೇ ಇಲ್ಲ.

ಇಲ್ಲೊಂದು ಮೋಸದ ಜಾಗ ಇದೆ. ರೌಟರ್ ತನ್ನ ಇರುವಿಕೆ ಸಾರುವ ಬೀಕನ್ ಫ್ರೇಮುಗಳು ಸಾಮಾನ್ಯವಾಗಿ ಪ್ರತಿ 102.4 ಮಿಲಿಸೆಕೆಂಡಿಗೊಂದು, ಅಂದರೆ ಸೆಕೆಂಡಿಗೆ ಸುಮಾರು ಹತ್ತು ಹೊರಡುತ್ತವೆ. ಹಳೆಯ ಸಾಧನಗಳಿಗೂ ಕೇಳಿಸಲಿ ಎಂದು 2.4 ಮತ್ತು 5 ಗಿಗಾಹರ್ಟ್ಜ್‌ನಲ್ಲಿ ಅವನ್ನು ಹಳೆಯ, ನಿಧಾನದ ವೇಗದಲ್ಲೇ ಕಳಿಸಲಾಗುತ್ತದೆ. ಸಂಪರ್ಕ ಕೋರಿಕೆ, ಅದಕ್ಕೆ ಉತ್ತರ, ತಲುಪಿತು ಎಂಬ ಸ್ವೀಕೃತಿ ಕೂಡ ಬಹುಪಾಲು ಹಾಗೆಯೇ. ಹಾಗಾಗಿ ಬಡಪಾಯಿ ಅಡಾಪ್ಟರ್‌ಗೂ ಅವು ಕೇಳಿಸುತ್ತವೆ. ಪರದೆ ತುಂಬಾ ಸಾಲುಗಳು ಓಡುವುದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ, ಮುಖ್ಯವಾದ ಡೇಟಾ ಮಾತ್ರ ಅಲ್ಲಿ ಇರುವುದಿಲ್ಲ.

ಇದನ್ನು ಪತ್ತೆ ಹಚ್ಚುವ ಬಗೆ ಸರಳ. ಒಂದು ಸಾಧನ ‘ಕಳಿಸಲೇ?’ ಎಂದು ಕೇಳುವ ಆರ್‌ಟಿಎಸ್, ಇನ್ನೊಂದು ‘ಕಳಿಸು’ ಎನ್ನುವ ಸಿಟಿಎಸ್, ಕೊನೆಗೆ ‘ಇಷ್ಟು ಬಂದವು’ ಎನ್ನುವ ಬ್ಲಾಕ್ ಆ್ಯಕ್ ಸಾಲಾಗಿ ಕಂಡು, ನಡುವೆ ಇರಬೇಕಾದ ಡೇಟಾ ಫ್ರೇಮುಗಳು ಇಲ್ಲದಿದ್ದರೆ ಡೇಟಾ ಗಾಳಿಯಲ್ಲಿ ಹೋಗಿರುವುದು ಖಚಿತ. ನಿಮ್ಮ ಅಡಾಪ್ಟರ್‌ಗೆ ಅದನ್ನು ಬಿಡಿಸಲು ಬಂದಿಲ್ಲ, ಅಷ್ಟೆ. ಅಂಥ ಕಡತ ಇಟ್ಟುಕೊಂಡು ಯಾರ ಮೇಲೂ ದೋಷ ಹೊರಿಸಬೇಡಿ.

ಪೆಟ್ಟಿಗೆಯ ಹೆಸರು ಬಿಡಿ, ಚಿಪ್ ಯಾವುದು ಕೇಳಿ

ಅಡಾಪ್ಟರ್‌ನ ಮೇಲಿರುವ ಕಂಪನಿ ಹೆಸರು ಯಾವುದಾದರೂ ಇರಲಿ, ಒಳಗಿನ ಚಿಪ್ ಮಾಡುವವರು ಬೆರಳೆಣಿಕೆಯಷ್ಟು. ಮಾನಿಟರ್ ಮೋಡ್ ಬರುತ್ತದೆಯೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಆ ಚಿಪ್ ಮತ್ತು ಅದರ ಡ್ರೈವರ್.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಟಿಪಿ-ಲಿಂಕ್‌ನ ಟಿಎಲ್-ಡಬ್ಲ್ಯುಎನ್722ಎನ್. ಅದರ ಮೊದಲ ಆವೃತ್ತಿಯಲ್ಲಿದ್ದದ್ದು ಅಥೆರಾಸ್‌ನ ಎಆರ್9271 ಚಿಪ್. ಅದು ಲಿನಕ್ಸ್‌ನಲ್ಲಿ ಸೊಗಸಾಗಿ ಕೆಲಸ ಮಾಡಿ ಹೆಸರು ಗಳಿಸಿತು. ಎರಡನೆಯ ಆವೃತ್ತಿಯಿಂದ ಒಳಗೆ ರಿಯಲ್‌ಟೆಕ್‌ನ ಆರ್‌ಟಿಎಲ್8188ಇಯುಎಸ್ ಬಂತು, ಮಾದರಿ ಹೆಸರು ಹಾಗೆಯೇ ಉಳಿಯಿತು. ಹಳೆಯ ಶಿಫಾರಸು ಓದಿ ಹೊಸ ಪೆಟ್ಟಿಗೆ ಕೊಂಡವರಿಗೆ ಬೇರೆಯೇ ವಸ್ತು ಸಿಕ್ಕಿತು. ಆದ್ದರಿಂದ ಮಾದರಿಯ ಜೊತೆಗೆ ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ ‘ವರ್ಷನ್’ ಎಷ್ಟೆಂದು ನೋಡುವುದು ಕಡ್ಡಾಯ.

ಇವತ್ತು ಗಮನಿಸಬೇಕಾದ ಚಿಪ್‌ಗಳು ಇವು:

• ಅಥೆರಾಸ್ ಎಆರ್9271: 2.4 ಗಿಗಾಹರ್ಟ್ಜ್ ಮಾತ್ರ, ವೈ-ಫೈ 4, ಒಂದೇ ಸ್ಟ್ರೀಮ್. ವಯಸ್ಸಾಗಿದೆ, ಆದರೆ ಇದರಷ್ಟು ನೆಚ್ಚಿಕೆಯದು ಕಡಿಮೆ. ಡ್ರೈವರ್ ಲಿನಕ್ಸ್ ಕರ್ನೆಲ್‌ನಲ್ಲೇ ಇದೆ, ಫರ್ಮ್‌ವೇರ್‌ನ ಮೂಲ ಸಂಕೇತವೂ ಮುಕ್ತ. ಆಲ್ಫಾದ ಎಡಬ್ಲ್ಯುಯುಎಸ್036ಎನ್‌ಎಚ್‌ಎ ಇದನ್ನೇ ಬಳಸುತ್ತದೆ. ಮನೆಯ ಸ್ಮಾರ್ಟ್ ಸಾಧನಗಳಿಗೆ, ಕಲಿಕೆಗೆ ಸಾಕು.

• ರಾಲಿಂಕ್ ಆರ್‌ಟಿ3070 ಮತ್ತು ಆರ್‌ಟಿ5572: ಎರಡೂ ವೈ-ಫೈ 4ರವು. ಮೊದಲನೆಯದು 2.4ಕ್ಕೆ ಮಾತ್ರ, ಎರಡನೆಯದು 5ಕ್ಕೂ ಬರುತ್ತದೆ. ಡ್ರೈವರ್ ಕರ್ನೆಲ್‌ನಲ್ಲಿದೆ. 5 ಗಿಗಾಹರ್ಟ್ಜ್‌ನಲ್ಲಿ ಈಗ ಓಡಾಡುವುದು ಬಹುಪಾಲು ವೈ-ಫೈ 5 ಮತ್ತು 6 ಆದ್ದರಿಂದ ಹೊಸದಾಗಿ ಕೊಳ್ಳುವವರಿಗೆ ಇವು ಅಷ್ಟು ಉಪಯೋಗಕ್ಕೆ ಬಾರವು.

• ಮೀಡಿಯಾಟೆಕ್ ಎಂಟಿ7610ಯು: ಎರಡೂ ಬ್ಯಾಂಡ್, ವೈ-ಫೈ 5, ಒಂದು ಸ್ಟ್ರೀಮ್. ಸಂಪರ್ಕ ಕಡಿತದಂಥ ತೊಂದರೆ ನೋಡಲು ಚೆನ್ನ, ಎರಡು ಸ್ಟ್ರೀಮಿನ ಡೇಟಾ ಸಿಗುವುದಿಲ್ಲ.

• ಮೀಡಿಯಾಟೆಕ್ ಎಂಟಿ7612ಯು: ಎರಡೂ ಬ್ಯಾಂಡ್, ವೈ-ಫೈ 5, ಎರಡು ಸ್ಟ್ರೀಮ್, 80 ಮೆಗಾಹರ್ಟ್ಜ್. ಡ್ರೈವರ್ ಲಿನಕ್ಸ್ 4.19ರಿಂದ ಕರ್ನೆಲ್‌ನಲ್ಲಿದೆ. ಆಲ್ಫಾದ ಎಡಬ್ಲ್ಯುಯುಎಸ್036ಎಸಿಎಂನಲ್ಲಿ ಇರುವುದು ಇದೇ. ವೈ-ಫೈ 5ರ ಮನೆ, ಕಚೇರಿಗೆ ಇದು ಸಮತೂಕದ ಆಯ್ಕೆ.

• ಮೀಡಿಯಾಟೆಕ್ ಎಂಟಿ7921ಎಯು: ವೈ-ಫೈ 6ಇ (6 ಗಿಗಾಹರ್ಟ್ಜ್‌ಗೂ ಬರುವ ವೈ-ಫೈ 6), ಮೂರೂ ಬ್ಯಾಂಡ್, ಎರಡು ಸ್ಟ್ರೀಮ್, 80 ಮೆಗಾಹರ್ಟ್ಜ್‌ವರೆಗೆ. ಲಿನಕ್ಸ್ 5.18ರಿಂದ ಕರ್ನೆಲ್‌ನಲ್ಲಿ ಬೆಂಬಲವಿದೆ. ಆಲ್ಫಾದ ಎಡಬ್ಲ್ಯುಯುಎಸ್036ಎಎಕ್ಸ್‌ಎಂಎಲ್ ಈ ಚಿಪ್‌ನದು. ಹೊಸದಾಗಿ ಒಂದೇ ಒಂದು ಯುಎಸ್‌ಬಿ ಅಡಾಪ್ಟರ್ ಕೊಳ್ಳುವುದಾದರೆ ನನ್ನ ಶಿಫಾರಸು ಇದಕ್ಕೆ.

• ರಿಯಲ್‌ಟೆಕ್ ಆರ್‌ಟಿಎಲ್8812ಎಯು: ಎರಡೂ ಬ್ಯಾಂಡ್, ವೈ-ಫೈ 5, ಎರಡು ಸ್ಟ್ರೀಮ್. ವರ್ಷಗಟ್ಟಲೆ ಇದರ ಡ್ರೈವರ್ ಕರ್ನೆಲ್‌ನ ಹೊರಗೇ ಇತ್ತು, ಇತ್ತೀಚಿನ ಕರ್ನೆಲ್‌ಗಳಲ್ಲಿ ಒಳಗೆ ಬಂದಿದೆ. ಹಳೆಯ ಕರ್ನೆಲ್ ಬಳಸುವವರು ಹೊರಗಿನ ಡ್ರೈವರ್ ಕಟ್ಟಿಕೊಳ್ಳಬೇಕು.

• ಇಂಟೆಲ್ ಎಎಕ್ಸ್210: ಇದು ಯುಎಸ್‌ಬಿ ಅಡಾಪ್ಟರ್ ಅಲ್ಲ, ಲ್ಯಾಪ್‌ಟಾಪಿನ ಒಳಗೆ ಕೂರುವ ಎಂ.2 ಕಾರ್ಡು. ವೈ-ಫೈ 6ಇ, ಎರಡು ಸ್ಟ್ರೀಮ್, 160 ಮೆಗಾಹರ್ಟ್ಜ್. ಲಿನಕ್ಸ್‌ನಲ್ಲಿ ಮಾನಿಟರ್ ಮೋಡ್ ಬರುತ್ತದೆ. 160 ಮೆಗಾಹರ್ಟ್ಜ್ ಅಗಲದ ಸಂಚಾರ ನೋಡಬೇಕಾದವರಿಗೆ ಇದು ಸುಲಭದ ದಾರಿ. ಎಎಕ್ಸ್201, ಎಎಕ್ಸ್211 ಎಂಬ ಇದರ ಸೋದರ ಕಾರ್ಡುಗಳು ಇಂಟೆಲ್‌ನ ಆಯ್ದ ಪ್ರೊಸೆಸರ್‌ಗಳ ಜೊತೆಗಷ್ಟೇ ಕೆಲಸ ಮಾಡುತ್ತವೆ. ಎಎಂಡಿ ಲ್ಯಾಪ್‌ಟಾಪಿಗೆ ಅವನ್ನು ತಂದರೆ ವ್ಯರ್ಥ.

ವೈ-ಫೈ 6ರ ಬಗ್ಗೆ ಇನ್ನೊಂದು ಮಾತು ತಿಳಿದಿರಲಿ. ಅದರಲ್ಲಿ ಬಂದ ಓಎಫ್‌ಡಿಎಂಎ ತಂತ್ರ ಒಂದೇ ಚಾನೆಲನ್ನು ಹಲವು ಸಾಧನಗಳಿಗೆ ಏಕಕಾಲದಲ್ಲಿ ಹಂಚುತ್ತದೆ. ಹಾಗೆ ಹಂಚಿ ಕಳಿಸಿದ ಎಲ್ಲರ ಫ್ರೇಮುಗಳನ್ನೂ ಒಂದು ಸಾಮಾನ್ಯ ಕಾರ್ಡು ಒಟ್ಟಿಗೆ ಬಿಡಿಸಲಾರದು. ಇಂಟೆಲ್ ಕಾರ್ಡುಗಳಲ್ಲಿ ಯಾವ ಸಾಧನವನ್ನು ಹಿಂಬಾಲಿಸಬೇಕು ಎಂದು ಅದಕ್ಕೆ ರೌಟರ್ ಕೊಟ್ಟ ಎಐಡಿ ಗುರುತು ಸಂಖ್ಯೆಯನ್ನು ಮೊದಲೇ ಹೇಳಿಕೊಡುವ ಸೌಲಭ್ಯ ಲಿನಕ್ಸ್ ಡ್ರೈವರ್‌ನಲ್ಲಿದೆ. ನಿಮ್ಮದೇ ರೌಟರ್ ಆಗಿದ್ದರೆ ಪರೀಕ್ಷೆಯ ಹೊತ್ತಿಗೆ ಓಎಫ್‌ಡಿಎಂಎ ಆಫ್ ಮಾಡಿ ನೋಡುವುದು ಇನ್ನೂ ಸುಲಭ.

ಕರ್ನೆಲ್‌ನ ಒಳಗಿರುವ ಡ್ರೈವರ್ ಯಾಕೆ ಮುಖ್ಯ

ಕರ್ನೆಲ್‌ನ ಒಳಗೇ ಡ್ರೈವರ್ ಇರುವ ಅಡಾಪ್ಟರನ್ನು ಚುಚ್ಚಿದ ಕ್ಷಣ ಅದು ಕೆಲಸಕ್ಕೆ ಸಿದ್ಧ, ಫರ್ಮ್‌ವೇರ್ ಕಡತ ಯಂತ್ರದಲ್ಲಿದ್ದರಾಯಿತು. ಹೊರಗಿನ ಡ್ರೈವರ್ ಆದರೆ ಅದನ್ನು ಇಳಿಸಿಕೊಂಡು ಕಂಪೈಲ್ ಮಾಡಬೇಕು. ಕರ್ನೆಲ್ ನವೀಕರಣವಾದಾಗ ಅದು ಮುರಿಯಬಹುದು. ಮಾನಿಟರ್ ಮೋಡ್ ಬಂದರೂ ಸಿಗ್ನಲ್ ಬಲ, ವೇಗ, ಚಾನೆಲ್ ವಿವರ ಹೊತ್ತ ರೇಡಿಯೊಟ್ಯಾಪ್ ತಲೆಬರಹ ಅರೆಬರೆಯಾಗಿರಬಹುದು. ತೊಂದರೆ ಹುಡುಕುವವರಿಗೆ ಫ್ರೇಮಿನಷ್ಟೇ ಆ ತಲೆಬರಹವೂ ಮುಖ್ಯ. ಟಿವಿಯ ಸಿಗ್ನಲ್ ನಿಮ್ಮ ಅಡಾಪ್ಟರ್ ಇರುವ ಜಾಗಕ್ಕೆ ಎಷ್ಟು ಬಲದಲ್ಲಿ ಬಂತು, ಯಾವ ವೇಗದಲ್ಲಿ ಬಂತು ಎಂಬುದನ್ನು ಹೇಳುವುದು ಅದೇ.

ಮೇಲಿನ ಪಟ್ಟಿಯೆಲ್ಲ ಲಿನಕ್ಸ್ ಲೆಕ್ಕದಲ್ಲಿದೆ. ವಿಂಡೋಸ್‌ನಲ್ಲಿ ವೈರ್‌ಶಾರ್ಕ್ ಬಳಸುವ ಎನ್‌ಪಿಕ್ಯಾಪ್ ಎಂಬ ಡ್ರೈವರ್ ಮೂಲಕ ಮಾನಿಟರ್ ಮೋಡ್‌ಗೆ ಅವಕಾಶ ಇದೆಯಾದರೂ ಕಾರ್ಡಿನ ಡ್ರೈವರ್ ಸಹಕರಿಸಬೇಕು, ಬಹಳ ಡ್ರೈವರ್‌ಗಳು ಸಹಕರಿಸುವುದಿಲ್ಲ. ವಿಂಡೋಸ್ ಬಿಡಲಾಗದವರು ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿಕೊಳ್ಳಬಹುದು. ವರ್ಚುಯಲ್ ಯಂತ್ರದಲ್ಲಿ ಲಿನಕ್ಸ್ ಓಡಿಸುವುದಾದರೆ ಯುಎಸ್‌ಬಿ ಅಡಾಪ್ಟರನ್ನು ಅದಕ್ಕೆ ದಾಟಿಸಬಹುದು. ಲ್ಯಾಪ್‌ಟಾಪಿನ ಒಳಗಿನ ವೈ-ಫೈ ಕಾರ್ಡು ಅಲ್ಲಿ ಬರೀ ಈಥರ್ನೆಟ್ ಆಗಿ ಕಾಣುತ್ತದೆ, ಪ್ರಯೋಜನಕ್ಕೆ ಬಾರದು.

ಮ್ಯಾಕ್‌ಬುಕ್ ಇರುವವರು ಅಂಗಡಿಗೆ ಹೋಗುವ ಮೊದಲು ತಮ್ಮ ಯಂತ್ರವನ್ನೇ ಪರೀಕ್ಷಿಸಲಿ. ಆಪ್ಷನ್ ಕೀ ಒತ್ತಿ ಹಿಡಿದು ವೈ-ಫೈ ಚಿಹ್ನೆ ಕ್ಲಿಕ್ ಮಾಡಿದರೆ ವೈರ್‌ಲೆಸ್ ಡಯಾಗ್ನೋಸ್ಟಿಕ್ಸ್ ಸಿಗುತ್ತದೆ. ಅದರ ವಿಂಡೋ ಮೆನುವಿನಲ್ಲಿ ಸ್ನಿಫರ್ ಇದೆ. ಚಾನೆಲ್ ಮತ್ತು ಅಗಲ ಆಯ್ದರೆ, ಹಿಡಿದದ್ದೆಲ್ಲ ವೈರ್‌ಶಾರ್ಕ್ ಓದುವ ಕಡತವಾಗಿ ಉಳಿಯುತ್ತದೆ. ರಾಸ್ಪ್‌ಬೆರಿ ಪೈನ ಒಳಗಿನ ವೈ-ಫೈಗೆ ಮೂಲ ಫರ್ಮ್‌ವೇರ್‌ನಲ್ಲಿ ಮಾನಿಟರ್ ಮೋಡ್ ಇಲ್ಲ. ನೆಕ್ಸ್‌ಮಾನ್ ಎಂಬ ತಿದ್ದಿದ ಫರ್ಮ್‌ವೇರ್ ಹಾಕಬೇಕು, ಇಲ್ಲವೇ ಅದಕ್ಕೊಂದು ಯುಎಸ್‌ಬಿ ಅಡಾಪ್ಟರ್ ಚುಚ್ಚಬೇಕು.

ವಾಟ್ ಲೆಕ್ಕಕ್ಕೆ ಮರುಳಾಗಬೇಡಿ

‘ಹೈ ಪವರ್’, ‘ಇಷ್ಟು ಸಾವಿರ ಮಿಲಿವಾಟ್’ ಎಂದು ದೊಡ್ಡಕ್ಷರದಲ್ಲಿ ಬರೆದ ಅಡಾಪ್ಟರ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಆ ಅಂಕಿ ಕಳಿಸುವ ಶಕ್ತಿಯದು. ಕೇಳುವ ಕೆಲಸಕ್ಕೆ ಅದರಿಂದ ಏನೂ ಲಾಭವಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಜ್‌ಗೆ 2005ರ ನಿಯಮ ವಿಧಿಸಿದ ಪ್ರಸಾರ ಮಿತಿಯೂ ಇದೆ. ನಿಮಗೆ ಬೇಕಾದದ್ದು ಒಳ್ಳೆಯ ಸ್ವೀಕಾರ ಸಾಮರ್ಥ್ಯ ಮತ್ತು ಬಿಚ್ಚಿ ಬದಲಿಸಬಹುದಾದ ಆಂಟೆನಾ. ಆರ್‌ಪಿ-ಎಸ್‌ಎಂಎ ಜೋಡಣೆ ಇರುವ ಅಡಾಪ್ಟರ್ ಆದರೆ ಮುಂದೆ ಬೇರೆ ಆಂಟೆನಾ ಹಾಕಲು ದಾರಿ ತೆರೆದಿರುತ್ತದೆ. ಎರಡು ಸ್ಟ್ರೀಮಿನ ಅಡಾಪ್ಟರ್‌ಗೆ ಎರಡೂ ಆಂಟೆನಾ ಹಾಕಿರಲೇಬೇಕು.

ಅದೇ ರೀತಿ ‘ಪ್ಯಾಕೆಟ್ ಇಂಜೆಕ್ಷನ್’ ಎಂಬ ಗುಣವನ್ನು ಮಾರಾಟಗಾರರು ಬಹಳ ಮೆರೆಸುತ್ತಾರೆ. ಅದು ಕೃತಕ ಫ್ರೇಮುಗಳನ್ನು ಗಾಳಿಗೆ ಬಿಡುವ ಸಾಮರ್ಥ್ಯ. ಸಂಚಾರ ಹಿಡಿಯುವವರಿಗೆ ಅದರ ಅಗತ್ಯವಿಲ್ಲ, ಅದಕ್ಕಾಗಿ ಹೆಚ್ಚು ಬೆಲೆ ತೆರಬೇಕಾಗಿಲ್ಲ.

ಚುಚ್ಚುವ ಜಾಗವೂ ಫಲಿತಾಂಶ ಬದಲಿಸುತ್ತದೆ. ಯುಎಸ್‌ಬಿ 3 ಕೇಬಲ್ಲು ಮತ್ತು ಸಾಧನಗಳು ಹೊಮ್ಮಿಸುವ ಗದ್ದಲ 2.4 ಗಿಗಾಹರ್ಟ್ಜ್ ವಲಯಕ್ಕೆ ತೊಂದರೆ ಕೊಡುತ್ತದೆ ಎಂದು ಇಂಟೆಲ್ 2012ರಲ್ಲೇ ಶ್ವೇತಪತ್ರ ಪ್ರಕಟಿಸಿತ್ತು. ಹಾರ್ಡ್‌ಡಿಸ್ಕಿನ ಪಕ್ಕದ ಪೋರ್ಟಿಗೆ ಅಡಾಪ್ಟರ್ ಚುಚ್ಚಿದರೆ ದೂರದ ಸಾಧನಗಳ ದನಿ ಮುಳುಗಿಹೋಗಬಹುದು. ಒಳ್ಳೆಯ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಅಡಾಪ್ಟರನ್ನು ಒಂದಷ್ಟು ದೂರ ಇಡಿ. ರಾಸ್ಪ್‌ಬೆರಿ ಪೈಯಂಥ ಪುಟ್ಟ ಯಂತ್ರಕ್ಕೆ ಎರಡು ಮೂರು ಅಡಾಪ್ಟರ್ ಹಾಕುವುದಾದರೆ ಪ್ರತ್ಯೇಕ ವಿದ್ಯುತ್ ಇರುವ ಹಬ್ ಬಳಸಿ. ವಿದ್ಯುತ್ ಸಾಲದೆ ಅಡಾಪ್ಟರ್ ನಡುವೆ ನಿಂತರೆ ಕಡತದಲ್ಲಿ ಅಷ್ಟು ಹೊತ್ತಿನ ದಾಖಲೆಯೇ ಇರುವುದಿಲ್ಲ.

ಒಂದು ಅಡಾಪ್ಟರ್ ಒಂದು ಹೊತ್ತಿಗೆ ಒಂದು ಚಾನೆಲ್ ಮಾತ್ರ ಕೇಳುತ್ತದೆ. ಚಾನೆಲ್ ಹಾರುತ್ತಾ ಕೇಳುವ ಸೌಲಭ್ಯ ಕಿಸ್ಮೆಟ್‌ನಂಥ ತಂತ್ರಾಂಶಗಳಲ್ಲಿದೆ, ಸುತ್ತ ಯಾವ ಜಾಲಗಳಿವೆ ಎಂದು ಎಣಿಸಲು ಅದು ಚೆನ್ನ. ಆದರೆ ಒಂದು ಸಾಧನದ ತೊಂದರೆ ಹುಡುಕುವಾಗ ಹಾಗೆ ಹಾರುವುದು, ರಿಮೋಟ್ ಒತ್ತುತ್ತಾ ನಾಲ್ಕು ಧಾರಾವಾಹಿಗಳನ್ನು ಒಟ್ಟಿಗೆ ನೋಡಿದಂತೆ, ಯಾವ ಕಥೆಯೂ ಪೂರ್ತಿ ಸಿಗುವುದಿಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ 1, 6, 11 ಚಾನೆಲ್‌ಗಳನ್ನು ಒಟ್ಟಿಗೆ ನೋಡಬೇಕಾದರೆ ಎಆರ್9271ರ ಮೂರು ಅಡಾಪ್ಟರ್ ಕೊಳ್ಳಿ. ವೈರ್‌ಶಾರ್ಕ್ ಹಲವು ಇಂಟರ್‌ಫೇಸ್‌ಗಳಿಂದ ಒಮ್ಮೆಗೇ ಹಿಡಿಯಬಲ್ಲದು.

ಕೊಂಡ ದಿನವೇ ಮಾಡಬೇಕಾದ ಪರೀಕ್ಷೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಮರಳಿಸುವ ಅವಧಿ ಎಷ್ಟೆಂದು ಮೊದಲೇ ಕೇಳಿಟ್ಟುಕೊಳ್ಳಿ. ಅಂಗಡಿಗೆ ಲಿನಕ್ಸ್ ಇರುವ ಲ್ಯಾಪ್‌ಟಾಪ್ ಒಯ್ಯಲು ಆದರೆ ಇನ್ನೂ ಒಳ್ಳೆಯದು. ವಿದೇಶದಿಂದ ನೇರವಾಗಿ ತರಿಸುವವರು ಗಮನಿಸಲಿ: ಭಾರತಕ್ಕೆ ಬರುವ ನಿಸ್ತಂತು ಸಾಧನಗಳಿಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಇಟಿಎ ಅನುಮೋದನೆ ಬೇಕು. ಅನುಮೋದನೆ ಇರುವ ಮಾದರಿಯನ್ನು ಇಲ್ಲಿನ ಮಾರಾಟಗಾರರಿಂದಲೇ ಕೊಳ್ಳುವುದು ಕ್ಷೇಮ.

ಮನೆಗೆ ತಂದ ಮೇಲೆ ಈ ಕ್ರಮದಲ್ಲಿ ನೋಡಿ:

1. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶ ಕೊಡಿ. ಅಲ್ಲಿ ಬರುವ ತಯಾರಕ ಮತ್ತು ಉತ್ಪನ್ನ ಸಂಖ್ಯೆಯ ಜೋಡಿ ನೀವು ಬಯಸಿದ ಚಿಪ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಪೆಟ್ಟಿಗೆಯ ಮುದ್ರಣ ಏನೇ ಹೇಳಲಿ, ಸುಳಿವು ಇಲ್ಲಿ ಸಿಗುತ್ತದೆ.

2. ‘ಐಡಬ್ಲ್ಯು ಲಿಸ್ಟ್’ ಆದೇಶ ಕೊಟ್ಟು, ಬೆಂಬಲಿತ ಮೋಡ್‌ಗಳ ಪಟ್ಟಿಯಲ್ಲಿ ‘ಮಾನಿಟರ್’ ಇದೆಯೇ ನೋಡಿ. ಅದೇ ಪುಟದಲ್ಲಿ ಬ್ಯಾಂಡ್, ಸ್ಟ್ರೀಮ್ ಮತ್ತು ಅಗಲಗಳ ವಿವರವೂ ಇರುತ್ತದೆ.

3. ನೆಟ್‌ವರ್ಕ್ ಮ್ಯಾನೇಜರ್‌ಗೆ ಈ ಇಂಟರ್‌ಫೇಸನ್ನು ಮುಟ್ಟಬೇಡ ಎಂದು ಹೇಳಿ. ಇಲ್ಲದಿದ್ದರೆ ನೀವು ನಿಲ್ಲಿಸಿದ ಚಾನೆಲನ್ನು ಅದು ಹಿಂದಿನಿಂದ ಬದಲಿಸಿಬಿಡುತ್ತದೆ.

4. ಇಂಟರ್‌ಫೇಸನ್ನು ಕೆಳಗಿಳಿಸಿ, ಮಾನಿಟರ್ ಮೋಡ್‌ಗೆ ಹಾಕಿ, ಮೇಲೆತ್ತಿ, ನಿಮ್ಮ ರೌಟರ್‌ನ ಚಾನೆಲ್ ಮತ್ತು ಅಗಲಕ್ಕೆ ಹೊಂದಿಸಿ. 80 ಮೆಗಾಹರ್ಟ್ಜ್ ರೌಟರ್ ಆದರೆ ‘ಚಾನೆಲ್ 36’ ಎಂದಷ್ಟೇ ಹೇಳಿದರೆ ಸಾಲದು, 80 ಎಂದೂ ಹೇಳಬೇಕು.

5. ನಿಮ್ಮ ಫೋನಿನಲ್ಲಿ ಒಂದು ದೊಡ್ಡ ಕಡತ ಇಳಿಸಲು ಬಿಟ್ಟು ಸಂಚಾರ ಹಿಡಿಯಿರಿ. ಫೋನಿನ ವಿಳಾಸದ ಡೇಟಾ ಫ್ರೇಮುಗಳು ಧಾರಾಳವಾಗಿ ಬರುತ್ತಿವೆಯೇ? ಬ್ಲಾಕ್ ಆ್ಯಕ್ ಮಾತ್ರ ಬಂದು ಡೇಟಾ ಇಲ್ಲದಿದ್ದರೆ ಮೇಲೆ ಹೇಳಿದ ನಾಲ್ಕರಲ್ಲಿ ಒಂದು ಕಡಿಮೆಯಾಗಿರಬಹುದು. ಅಡಾಪ್ಟರನ್ನು ಇನ್ನೊಂದೆರಡು ಜಾಗದಲ್ಲಿಟ್ಟು ನೋಡಿ. ಆಗಲೂ ಬರದಿದ್ದರೆ ಅದು ನಿಮ್ಮ ಕೆಲಸಕ್ಕಲ್ಲ, ಮರಳಿಸಿ.

ಫೋನಿನ ವಿಳಾಸದ ವಿಷಯದಲ್ಲಿ ಎಚ್ಚರ. ಇತ್ತೀಚಿನ ಆ್ಯಂಡ್ರಾಯ್ಡ್ ಮತ್ತು ಐಫೋನ್‌ಗಳು ಜಾಲಕ್ಕೊಂದು ಹುಸಿ ಮ್ಯಾಕ್ ವಿಳಾಸ ಬಳಸುತ್ತವೆ. ಆ ಜಾಲದ ಸೆಟ್ಟಿಂಗ್‌ನಲ್ಲಿ ಕಾಣುವ ವಿಳಾಸವನ್ನೇ ಹುಡುಕಬೇಕು.

ಹಿಡಿದದ್ದನ್ನು ಓದುವುದು ಹೇಗೆ

ಹಿಡಿದ ಡೇಟಾ ಫ್ರೇಮಿನ ಒಳಭಾಗ ಗೂಢಲಿಪಿಯಲ್ಲಿರುತ್ತದೆ. ಡಬ್ಲ್ಯುಪಿಎ2 ಭದ್ರತೆಯ ಜಾಲವಾದರೆ ಪಾಸ್‌ವರ್ಡ್ ಮತ್ತು ಜಾಲದ ಹೆಸರನ್ನು ವೈರ್‌ಶಾರ್ಕ್‌ಗೆ ಕೊಟ್ಟು ಬಿಡಿಸಬಹುದು. ಆದರೆ ಸಾಧನ ಜಾಲಕ್ಕೆ ಸೇರುವಾಗ ನಡೆಯುವ ನಾಲ್ಕು ಹೆಜ್ಜೆಯ ಹ್ಯಾಂಡ್‌ಶೇಕ್ ಕೂಡ ಕಡತದಲ್ಲಿ ಇರಬೇಕು. ಹಾಗಾಗಿ ಮೊದಲು ಹಿಡಿಯಲು ಶುರು ಮಾಡಿ, ಆಮೇಲೆ ಸಾಧನದ ವೈ-ಫೈ ಆಫ್ ಮಾಡಿ ಆನ್ ಮಾಡಿ.

ಡಬ್ಲ್ಯುಪಿಎ3ರಲ್ಲಿ ಈ ದಾರಿ ಮುಚ್ಚಿದೆ. ಅಲ್ಲಿ ಪ್ರತಿ ಸಂಪರ್ಕಕ್ಕೂ ಹೊಸ ಕೀಲಿ ಹುಟ್ಟುವುದರಿಂದ ಪಾಸ್‌ವರ್ಡ್ ಗೊತ್ತಿದ್ದರೂ ಹಿಡಿದ ಕಡತ ಬಿಡಿಸಲಾಗದು. ಇದು ಜನರ ರಕ್ಷಣೆಗಾಗಿಯೇ ಮಾಡಿದ ಒಳ್ಳೆಯ ಬದಲಾವಣೆ. ಎಷ್ಟು ದುಬಾರಿ ಅಡಾಪ್ಟರ್ ತಂದರೂ ಇದನ್ನು ದಾಟಲಾಗದು ಎಂಬುದು ಗೊತ್ತಿರಲಿ. ಪರೀಕ್ಷೆಗೆ ನಿಮ್ಮ ರೌಟರ್‌ನಲ್ಲೇ ಡಬ್ಲ್ಯುಪಿಎ2 ಇರುವ ಪ್ರತ್ಯೇಕ ಜಾಲ ತೆರೆದುಕೊಳ್ಳಿ, ಕೆಲಸ ಮುಗಿದ ಮೇಲೆ ಮುಚ್ಚಿಬಿಡಿ. ವೈ-ಫೈ ಗೂಢಲಿಪಿ ಬಿಡಿಸಿದ ಮೇಲೂ ಎಚ್‌ಟಿಟಿಪಿಎಸ್‌ನ ಒಳಗಿನ ವಿಷಯ ಮುಚ್ಚಿಯೇ ಇರುತ್ತದೆ. ಸಂಪರ್ಕದ ತೊಂದರೆ ಹುಡುಕುವವರಿಗೆ ಅದರ ಅಗತ್ಯವೂ ಇಲ್ಲ. ಯಾವ ಕಾರಣ ಕೊಟ್ಟು ಸಂಪರ್ಕ ಕಡಿಯಿತು, ಎಷ್ಟು ಫ್ರೇಮು ಮರುರವಾನೆಯಾಯಿತು ಎಂಬಂಥ ಸುಳಿವುಗಳು ವೈ-ಫೈ ಪದರದ ಫ್ರೇಮುಗಳಲ್ಲೇ ಸಿಗುತ್ತವೆ.

ಯಾರ ಮಾತು ಕೇಳಬಹುದು

ಮಾನಿಟರ್ ಮೋಡ್ ನೆರೆಯವರ ಫ್ರೇಮು, ನಿಮ್ಮ ಫ್ರೇಮು ಎಂದು ಭೇದ ಮಾಡುವುದಿಲ್ಲ. ಆ ಭೇದ ಮಾಡುವ ಹೊಣೆ ನಮ್ಮದು. ಗೂಗಲ್‌ನ ಸ್ಟ್ರೀಟ್ ವ್ಯೂ ಕಾರುಗಳು ಹಲವು ದೇಶಗಳಲ್ಲಿ ಪಾಸ್‌ವರ್ಡ್ ಇಲ್ಲದ ವೈ-ಫೈಗಳ ಡೇಟಾವನ್ನೂ ದಾಖಲಿಸಿಕೊಂಡಿದ್ದವು ಎಂದು ಆ ಕಂಪನಿ 2010ರಲ್ಲಿ ಒಪ್ಪಿಕೊಂಡಾಗ ಜಗತ್ತಿನಾದ್ಯಂತ ತನಿಖೆಗಳು ನಡೆದವು. ಗಾಳಿಯಲ್ಲಿ ಹಾರಾಡುವುದೆಲ್ಲ ಹಿಡಿದವರ ಸ್ವತ್ತು ಎಂಬ ವಾದಕ್ಕೆ ಅಲ್ಲಿ ಮನ್ನಣೆ ಸಿಗಲಿಲ್ಲ.

ನಮ್ಮಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43ನೇ ಕಲಂ ಮಾಲೀಕರ ಅನುಮತಿಯಿಲ್ಲದೆ ಜಾಲದಿಂದ ಡೇಟಾ ನಕಲು ಮಾಡುವುದನ್ನೂ, ಜಾಲದ ಸೇವೆಗೆ ಅಡ್ಡಿಪಡಿಸುವುದನ್ನೂ ನಿಷೇಧಿಸುತ್ತದೆ. ಅದನ್ನು ಅಪ್ರಾಮಾಣಿಕ ಉದ್ದೇಶದಿಂದ ಮಾಡಿದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಆದ್ದರಿಂದ ನಿಮ್ಮದೇ ಜಾಲದಲ್ಲಿ, ಅಥವಾ ಮಾಲೀಕರು ಬರಹದಲ್ಲಿ ಒಪ್ಪಿದ ಜಾಲದಲ್ಲಿ ಮಾತ್ರ ಹಿಡಿಯಿರಿ. ಮನೆಯಲ್ಲೂ ಉಳಿದವರಿಗೆ ತಿಳಿಸಿ. ನಿಮ್ಮ ರೌಟರ್ ಮತ್ತು ಪರೀಕ್ಷಿಸುವ ಸಾಧನದ ವಿಳಾಸಕ್ಕೆ ಸೀಮಿತವಾಗಿ ಕ್ಯಾಪ್ಚರ್ ಫಿಲ್ಟರ್ ಹಾಕಿದರೆ ಪಕ್ಕದ ಮನೆಯವರ ಡೇಟಾ ನಿಮ್ಮ ಡಿಸ್ಕಿಗೆ ಬರುವುದೇ ಇಲ್ಲ. ಕಡತವೂ ಚಿಕ್ಕದಾಗುತ್ತದೆ, ಓದುವುದೂ ಸುಲಭವಾಗುತ್ತದೆ. ಸಹಾಯ ಕೇಳಲು ಕಡತವನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ವಿಳಾಸಗಳನ್ನೂ ಜಾಲದ ಹೆಸರುಗಳನ್ನೂ ಮರೆಮಾಡಿ.

ಒಟ್ಟಾರೆ ಯಾರಿಗೆ ಯಾವುದು

ಸಾಧನ ಯಾವ ಸರ್ವರ್ ಜೊತೆ ಮಾತಾಡುತ್ತದೆ ಎಂದಷ್ಟೇ ತಿಳಿಯಬೇಕಾದವರಿಗೆ ಹಾಟ್‌ಸ್ಪಾಟ್ ಸಾಕು. ಸ್ಮಾರ್ಟ್ ಬಲ್ಬು, ಸಂವೇದಕಗಳ ಮೇಲೆ ಕೆಲಸ ಮಾಡುವವರು ಮತ್ತು ಈಗಷ್ಟೇ ಕಲಿಯುತ್ತಿರುವವರು ಎಆರ್9271 ಕೊಳ್ಳಲಿ. ವೈ-ಫೈ 5ರ ಜಾಲ ನೋಡಿಕೊಳ್ಳುವವರಿಗೆ ಎಂಟಿ7612ಯು, ವೈ-ಫೈ 6ಕ್ಕೆ ಎಂಟಿ7921ಎಯು ಹೊಂದುತ್ತದೆ. 160 ಮೆಗಾಹರ್ಟ್ಜ್ ಬೇಕಾದವರು ಎಎಕ್ಸ್210 ಕಾರ್ಡು ಹಾಕಿಸಿಕೊಳ್ಳಲಿ. ಮ್ಯಾಕ್ ಇರುವವರು ಮೊದಲು ಅದರಲ್ಲೇ ಪ್ರಯತ್ನಿಸಲಿ.

ಯಾವುದನ್ನೇ ಕೊಂಡರೂ ಅದರ ಮಿತಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಯಾವ ಬ್ಯಾಂಡ್, ಯಾವ ಪೀಳಿಗೆ, ಎಷ್ಟು ಅಗಲ, ಎಷ್ಟು ಸ್ಟ್ರೀಮ್. ಪ್ರತಿ ಕಡತ ಓದುವ ಮೊದಲು ಅದರ ಮೇಲೆ ಕಣ್ಣು ಹಾಯಿಸಿ. ‘ಫ್ರೇಮು ಬರಲಿಲ್ಲ’ ಎಂದು ವರದಿಯಲ್ಲಿ ಬರೆಯುವ ಹಕ್ಕು ಬರುವುದು, ಬಂದಿದ್ದರೆ ನನ್ನ ಅಡಾಪ್ಟರ್‌ಗೆ ಖಂಡಿತ ಕೇಳಿಸುತ್ತಿತ್ತು ಎಂದು ತೋರಿಸಬಲ್ಲವರಿಗೆ ಮಾತ್ರ.